ಮೂರನೆಯ ಗುಂಡಿ

ಬೆಳಿಗ್ಗೆ ಎಂಟಕ್ಕೆ, ಬೆಲ್ಮೀರು ಅವರೇ,
ಒಂದು ಗುಟುಕು ನೀರಿನೊಡನೆ
ಕಣ್ಣೊಂದನ್ನು ನುಂಗಿದಿರಿ.
‘ರುಚಿಯೇ ಇಲ್ಲವಲ್ಲ’ ಎಂದು ದೂರಿದಿರಿ.
ಸೊಂಟಕ್ಕೆ ರೆಕಾರ್ಡರಿನ ಪಟ್ಟಿ ಬಿಗಿಯುವಾಗ
ನನ್ನ ಕೈ ತಣ್ಣಗಿದೆಯೆಂದು ನಕ್ಕಿರಿ.
ನಿಮ್ಮ ಉಗುರು ಸುಣ್ಣದಂತೆ ಬಿಳಿಚಿತ್ತು, ನಾನು ಹೇಳಲಿಲ್ಲ.
ಈ ವರ್ಷ ಮೂರು ಬಾಟಲಿ ರಕ್ತ ಕೊಟ್ಟಾಯಿತು,
ಎಲ್ಲಿ ಸೋರುತ್ತದೋ ಯಾರಿಗೂ ತಿಳಿಯದು.
ಮೇಲಿನಿಂದ ಕೊಳವೆ ಇಳಿಸಿದರು, ಕೆಳಗಿನಿಂದ ಏರಿಸಿದರು;
ನಡುವೆ ಉಳಿದದ್ದು ಆರು ಮೀಟರು ಕತ್ತಲೆ.

ಆಮೇಲೆ ಪೋರ್ತೊ ಊರಿನ ಏರುಬೀದಿ ಹತ್ತಿ
ಕೆಲಸಕ್ಕೆ ಹೋದಿರಂತೆ, ಬೇಡವೆಂದರೂ.
ಇಗರ್ಜಿಯ ಪಕ್ಕದ ಗೋಡೆ, ಇನ್ನೂರೈವತ್ತು ವರ್ಷದ ನೀಲಿ ಬಿಲ್ಲೆಗಳು,
ಹತ್ತಿಯ ಉಂಡೆ, ಬಟ್ಟಿ ಇಳಿಸಿದ ನೀರು.
ಸಂಜೆ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟಾಗ
ಅದರ ಪಟ್ಟಿಗೆ ಗಾರೆಯ ಪುಡಿ ಮೆತ್ತಿತ್ತು.

ಈಗ ರಾತ್ರಿ ಹನ್ನೊಂದು. ದೋರು ನದಿಯ ಮಂಜು
ಕಿಟಕಿಯ ಗಾಜಿಗೆ ಮುಖ ಒತ್ತಿ ನಿಂತಿದೆ.
ಐವತ್ತೆರಡು ಸಾವಿರ ಚಿತ್ರ. ನಾನೊಬ್ಬಳು.
ನಿಮ್ಮ ಜಠರದಲ್ಲಿ ಕಣ್ಣು ನಲವತ್ತು ನಿಮಿಷ
ಬಾಗಿಲು ಸಿಗದ ನೆಂಟನ ಹಾಗೆ ಸುತ್ತಿತು.
ಆಮೇಲೆ ಒಮ್ಮೆಲೇ ಜಾರಿತು:
ಮಖಮಲ್ಲಿನ ಓಣಿ, ಗುಳ್ಳೆ, ನೊರೆ, ಒಂದು ಟೊಮೇಟೊ ಸಿಪ್ಪೆ
(ಉಪವಾಸವಿರಿ ಎಂದಿರಲಿಲ್ಲವೇ?),
ಮಡಿಕೆ, ಮತ್ತೆ ಮಡಿಕೆ.
ನಾನು ಹುಡುಕುವುದು ಕೆಂಪನ್ನು.
ಇಲ್ಲಿರುವವರೆಲ್ಲ ಕೆಂಪಿನ ದಾಯಾದಿಗಳೇ.

ಯಂತ್ರಕ್ಕೆ ಗುಂಡಿ ಮೂರು.
ಮೊದಲನೆಯದು ಹೊಳಪು, ಎರಡನೆಯದು ಅಂಚು.
ಮೂರನೆಯದನ್ನು ಒತ್ತಿದರೆ ಕೆಂಪನ್ನು ಸೋಸಿ ಬದಿಗಿಟ್ಟು
ಹಸಿರನ್ನೂ ನೀಲಿಯನ್ನೂ ಎತ್ತಿ ತೂಗುತ್ತದೆ;
ಕರುಳು ತಟ್ಟನೆ ನಿಮ್ಮ ಗೋಡೆಯಾಗುತ್ತದೆ,
ನೀಲಿ ಗೆರೆ, ನೀಲಿ ಬಳ್ಳಿ, ನೀಲಿ ಕಡಲು.
ಒಳಗಿನ ದೀಪ ಅದೇ ದೀಪ, ಬೆಲ್ಮೀರು.
ಕಣ್ಣು ಕಂಡು ಮುಗಿಸಿದ ಮೇಲೆ
ನಾವಿಲ್ಲಿ ಕೂತು ಹಾಕುವ ಲೆಕ್ಕ ಇದು.

ಲೆಕ್ಕಕ್ಕೆ ಸುಳ್ಳು ಹೇಳಲೂ ಬರುತ್ತದೆ.
ಹೋದ ಚಳಿಗಾಲ ದೋನಾ ಎರ್ಮೀನಿಯಾ ಅವರ ಪಿತ್ತದ ತೊಟ್ಟು
ಈ ಗುಂಡಿಯಡಿ ಹುಣ್ಣಿನ ವೇಷ ಕಟ್ಟಿ ಬಂದಿತ್ತು.
ನಂಬಿದೆ. ಆಕೆಗೆ ಅರಿವಳಿಕೆ, ಉದ್ದದ ಕೊಳವೆ, ಎರಡು ದಿನ ಹಾಸಿಗೆ.
ಏನೂ ಇರಲಿಲ್ಲ.
ಮನೆಗೆ ಹೊರಟ ದಿನ ನನಗೇ ಒಂದು ಡಬ್ಬಿ ಬಿಸ್ಕತ್ತು ಕೊಟ್ಟರು.
ಇನ್ನೂ ತೆರೆದಿಲ್ಲ.

ಮೂವತ್ತೊಂದು ಸಾವಿರದ ನಾನೂರ ಏಳು.
ನೀಲಿಯಲ್ಲಿ ಒಂದು ಜರೀಗಿಡದ ಎಲೆ,
ಸಾಸಿವೆಯಷ್ಟು, ಎಳೆಎಳೆಯಾಗಿ ಬಿಚ್ಚಿಕೊಂಡು.
ಗುಂಡಿ ಆರಿಸಿದೆ: ಮಾಯ.
ಹಚ್ಚಿದೆ: ಇದೆ.
ಆರಿಸಿದೆ.

ಬೆಳಿಗ್ಗೆ ನೀವು ಹೇಳಿದ್ದು ನೆನಪಾಯಿತು:
ತಂಗಿಯ ಮಗಳು ಒತೀಲಿಯಾ, ಚೂರಾದ ಬಿಲ್ಲೆಯ ಕುದುರೆಗೆ
ಇಲ್ಲದ ನಾಲ್ಕನೆಯ ಕಾಲು ಬರೆದುಬಿಟ್ಟಳಂತೆ, ಚಂದವಾಗಿಯೇ.
ಇಡೀ ದಿನ ಕೂತು ಒರೆಸಿದಿರಂತೆ ನೀವು.
‘ಕೊಳೆ ತೆಗೆಯುವುದಕ್ಕೆ ನನಗೆ ಕೂಲಿ,
ಕುದುರೆ ಓಡಿಸುವುದಕ್ಕಲ್ಲ.’

ಗುಂಡಿಯಿಂದ ಕೈ ತೆಗೆದು ಬರಿಯ ಬಣ್ಣದ ಮುಂದೆ ಕೂತೆ,
ಕಾಫಿ ಕೆನೆಗಟ್ಟುವಷ್ಟು ಹೊತ್ತು.
ಕೆಂಪಿನೊಳಗೆ ಕೆಂಪು, ಕೂದಲೆಳೆಯಷ್ಟು ಹೆಚ್ಚು ಕೆಂಪು.
ಹಿಂದಿನ ಚಿತ್ರದಲ್ಲೂ ಅದೇ ಜಾಗ, ಅದೇ ಬಾಗು.
ಇದೆ. ನೀಲಿಗಿಂತ ಮುಂಚೆಯೇ ಇತ್ತು.
ಗಂಟೆ, ನಿಮಿಷ, ಸೆಕೆಂಡು ಬರೆದುಕೊಂಡೆ.

ಮೂವತ್ತೆಂಟು ಸಾವಿರದ ಆಚೆ ಇನ್ನೊಂದು.
ಅದು ನೀಲಿಯಲ್ಲಿ ಮಾತ್ರ. ಎಷ್ಟು ಕೂತರೂ ಹೊರಬರಲಿಲ್ಲ.
ಕರುಳಿನ ಕಲೆಯೋ, ಗುಂಡಿಯ ಕಲೆಯೋ, ಹೇಳಲಾರೆ.
ಸಂಖ್ಯೆಯಷ್ಟೇ ಬರೆದು ಮುಂದಿನ ಜಾಗ ಬಿಳಿ ಬಿಟ್ಟಿದ್ದೇನೆ.
ನಾಳೆ ದೊಡ್ಡ ಡಾಕ್ಟರು ಜುಲ್ಮೀರಾ ಬೈಯುತ್ತಾರೆ.
ನೀವು ಬೈಯಲಾರಿರಿ.

ಅಂದಹಾಗೆ, ಕಣ್ಣನ್ನು ವಾಪಸು ತರಬೇಕಾಗಿಲ್ಲ.
ನಾಳೆಯೋ ನಾಡಿದ್ದೋ ಹೊರಬಿದ್ದರೆ
ಒಂದು ಫೋನು ಮಾಡಿ, ಸಾಕು.